ಆರ್ಡರ್ ಬುಕ್ ನೋಡು, ಅಳಿಯಾ

ಚಿ. ಪ್ರಸನ್ನನಿಗೆ ಸೋದರಮಾವನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಅಮೆರಿಕದ ನಿನ್ನ ರೈಲು ಎಂಜಿನ್ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡುವ ಮಾತು ನಡೆದಿದೆ ಅಂತ ನಿನ್ನ ಅವ್ವ ಹೇಳಿದಳು. ನೀನು ಅವಳಿಗೆ ಅರ್ಧ ಹೇಳಿ ಅರ್ಧ ನುಂಗಿದ್ದೀಯ. ಅದರಿಂದ ಅವಳ ಚಿಂತೆ ಜಾಸ್ತಿಯೇ ಆಗಿದೆ. ಸುಮ್ನೆ ಸಮಾಧಾನ ಹೇಳಲು ನಾನು ಬರೆಯುತ್ತಿಲ್ಲ. ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನಲ್ಲಿ ಹೊಟ್ಟೆ ಹೊರೆದವನಿಗೆ ಈ ಕಸುಬಿನ ಏರಿಳಿತ ಒಂದಿಷ್ಟು ಗೊತ್ತು. ಅದನ್ನು ಹೇಳುತ್ತೇನೆ, ಕೇಳು.

ರೈಲು ಎಂಜಿನ್ ಕೊಳ್ಳುವ ಗಿರಾಕಿಗಳು ಬೆರಳೆಣಿಕೆ. ಅಮೆರಿಕ, ಕೆನಡಾ ಎರಡೂ ಸೇರಿಸಿದರೂ ದೊಡ್ಡ ಸರಕು ರೈಲ್ವೆಗಳು ಆರೇ ಆರು. ನಮ್ಮಲ್ಲಂತೂ ಹೆಚ್ಚುಕಡಿಮೆ ಒಬ್ಬನೇ ಗಿರಾಕಿ. ಒಮ್ಮೆ ಕೊಂಡ ಎಂಜಿನ್ ಮೂವತ್ತು ವರ್ಷ ಓಡುತ್ತದೆ. ಹಾಗಾಗಿ ‘ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ’ ಅಂತ ಒಬ್ಬ ಗಿರಾಕಿ ಹೇಳಿದರೆ ಸಾಕು, ಒಂದು ಊರಿನ ಒಲೆ ತಣ್ಣಗಾಗುತ್ತದೆ. ನೀನಿರುವ ಈರಿ ಊರಿನ ಎಂಜಿನ್ ಕಾರ್ಖಾನೆಯಲ್ಲಿ ಆದದ್ದು ಬಹುಪಾಲು ಇದೇ. ಕಲ್ಲಿದ್ದಲು ಸಾಗಣೆ ಕುಸಿಯಿತು. 2015ರಿಂದ ಹೊಸ ಎಂಜಿನ್‌ಗಳ ಹೊಗೆಗೆ ಬಿಗಿಯಾದ ನಿಯಮ ಬಂತು. ರೈಲ್ವೆಗಳು ರೈಲನ್ನು ಉದ್ದ ಮಾಡಿ, ಮಿಕ್ಕ ಎಂಜಿನ್‌ಗಳನ್ನು ಯಾರ್ಡಿನಲ್ಲಿ ಸಾಲಾಗಿ ನಿಲ್ಲಿಸಿಬಿಟ್ಟವು. ಇದರಲ್ಲಿ ನಿನ್ನ ಕೆಲಸದ ಕೊರತೆ ಎಲ್ಲೂ ಇಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಕ್ಯಾಂಟೀನಿನಲ್ಲಿ ಒಬ್ಬರು ‘ನಮ್ಮ ಕೆಲಸ ನಿಮ್ಮ ಇಂಡಿಯಾಕ್ಕೆ ಹೋಯಿತು’ ಅಂದರಂತೆ. ನೀನು ತಿರುಗಿ ಏನೋ ಅಂದೆಯಂತೆ. ವಿಷಯ ನಿನಗೆ ಸರಿಯಾಗಿ ಗೊತ್ತಿರಲಿ. 2013ರಲ್ಲಿ ಕಾರ್ಖಾನೆಯ ಆಗಿನ ಮಾಲೀಕ ಜಿಇ ಕಂಪನಿ ಈರಿಯಿಂದ ಸುಮಾರು 950 ಜನರನ್ನು ತೆಗೆಯುತ್ತೇವೆ ಅಂದಾಗ ಕೆಲಸ ಹೋದದ್ದು ಟೆಕ್ಸಸ್‌ನ ಫೋರ್ಟ್ ವರ್ತ್‌ಗೆ, ಅವರದೇ ದೇಶಕ್ಕೆ. 2015ರಲ್ಲಿ ನಮ್ಮ ರೈಲ್ವೆಯ 1000 ಡೀಸೆಲ್ ಎಂಜಿನ್‌ಗಳ ಆರ್ಡರ್ ಅದೇ ಜಿಇಗೆ ಸಿಕ್ಕಿತು, ಕೆಲಸ ಬಿಹಾರದ ಮಢೌರಾಗೆ ಬಂತು. ಭಾರತದಲ್ಲೇ ಕಟ್ಟಬೇಕು ಅನ್ನುವುದು ಆ ಟೆಂಡರಿನ ಷರತ್ತು. ಅಷ್ಟೂ ಎಂಜಿನ್ ಈರಿಯಲ್ಲಿ ತಯಾರಾಗುವ ಮಾತೇ ಇರಲಿಲ್ಲ. ಆದರೂ ಮೊದಲನೆಯದು ಈರಿಯಿಂದಲೇ ಹಡಗು ಹತ್ತಿ ಬಂದಿತ್ತು.

ಇಷ್ಟು ತಿಳಿದುಕೊಂಡು ಸುಮ್ಮನಿರು. ಐವತ್ತೈದರ ವಯಸ್ಸಿನಲ್ಲಿ ಕೆಲಸ ಕಳೆದುಕೊಳ್ಳುವವನ ಮುಂದೆ ಲೆಕ್ಕ ಒಪ್ಪಿಸಬಾರದು. ಅವನಪ್ಪ, ಅಜ್ಜ ಅದೇ ಗೇಟಿನೊಳಗೆ ದುಡಿದಿರಬಹುದು. ಅವನ ಸಿಟ್ಟು ನಿನ್ನ ಮೇಲಲ್ಲ. 2019ರಲ್ಲಿ ವಾಬ್‌ಟೆಕ್ ಕಂಪನಿ ಜಿಇಯಿಂದ ಈರಿಯ ಕಾರ್ಖಾನೆ ತೆಗೆದುಕೊಂಡ ಮರುದಿನವೇ 1700 ಜನ ಒಂಬತ್ತು ದಿನ ಮುಷ್ಕರ ಮಾಡಿದರು. ಹೊಸಬರಿಗೆ ಕಡಿಮೆ ಸಂಬಳ ಅನ್ನುವುದು ಅವರ ದೊಡ್ಡ ತಕರಾರು. ಅಂದರೆ ಆ ಹಳಬರು ಚಳಿಯಲ್ಲಿ ನಿಂತದ್ದು ನಿನ್ನ ವಯಸ್ಸಿನ ಹುಡುಗರಿಗಾಗಿಯೂ ಹೌದು, ಅಲ್ವಾ?

ಇನ್ನು ಮಢೌರಾದ ಹುಡುಗರಿಗೂ ಇದೇ ಭಯ ಕಾದಿದೆ. ಸಕ್ಕರೆ ಕಾರ್ಖಾನೆ ಮುಚ್ಚಿಹೋಗಿದ್ದ ಊರು ಅದು. 2017ರಲ್ಲಿ ದಿಲ್ಲಿಯಲ್ಲಿ ‘ಎಲ್ಲ ಮಾರ್ಗಕ್ಕೂ ವಿದ್ಯುತ್ ಬರುತ್ತದೆ, ಡೀಸೆಲ್ ಯಾಕೆ’ ಅನ್ನುವ ಚರ್ಚೆ ಎದ್ದಾಗ ಅಲ್ಲಿ ಇನ್ನೂ ಶೆಡ್ಡಿನ ಬಣ್ಣ ಆರಿರಲಿಲ್ಲ. ಆರ್ಡರ್ ಉಳಿಯಿತು. ಈಗ 2025ರಿಂದ ಗಿನಿ ದೇಶಕ್ಕೆ ಎಂಜಿನ್ ಕಳಿಸಲು ಶುರು ಮಾಡಿದ್ದಾರೆ, ಒಟ್ಟು 150. ಒಬ್ಬನೇ ಗಿರಾಕಿಯನ್ನು ನಂಬಿ ಕೂರಬಾರದು ಅಂತ ಅವರಿಗೂ ಗೊತ್ತಾಗಿದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಶೆಡ್ಡಿಗೆ ಎಂಜಿನ್ ಬಂದಾಗ ನಾವು ಲ್ಯೂಬ್ ಆಯಿಲ್ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತಿದ್ದೆವು. ಸಣ್ಣ ಬಾಟಲಿ, ಮೇಲೆ ಎಂಜಿನ್ ನಂಬರಿನ ಚೀಟಿ. ಎಣ್ಣೆಯಲ್ಲಿ ತಾಮ್ರ, ಸೀಸ ಏರಿದೆ ಅಂತ ಚೀಟಿ ವಾಪಸ್ ಬಂದರೆ ಒಳಗೆ ಬೇರಿಂಗ್ ಸವೆಯುತ್ತಿದೆ ಅಂತ ಅರ್ಥ. ಹೊರಗಿನಿಂದ ಸದ್ದು ಇಲ್ಲ, ಹೊಗೆ ಇಲ್ಲ. ಡ್ರೈವರ್ ‘ಗಾಡಿ ಛಲೋ ಐತಿ’ ಅಂತಲೇ ಬರೆದಿರುತ್ತಾನೆ. ಕಾರ್ಖಾನೆಗೂ ಅಂಥ ಸ್ಯಾಂಪಲ್ ನೀನು ತೆಗೆಯಬಹುದು. ಹೊಸ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಿದ್ದಾರಾ? ಕೆಟ್ಟ ಮಷಿನ್ ರಿಪೇರಿ ಮಾಡಿಸುತ್ತಾರಾ, ಅದರ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹಾಕುತ್ತಾರಾ? ಕೈಯಲ್ಲಿರುವ ಆರ್ಡರ್ ಯಾವ ವರ್ಷಕ್ಕೆ ಮುಗಿಯುತ್ತದೆ? ಮ್ಯಾನೇಜರ್ ಭಾಷಣಕ್ಕಿಂತ ಇವು ಹೆಚ್ಚು ನಿಜ ಹೇಳುತ್ತವೆ. ಘೋಷಣೆಗಳನ್ನಂತೂ ಒಳ್ಳೆಯದಿರಲಿ, ಕೆಟ್ಟದಿರಲಿ ನಂಬಬೇಡ. 2017ರಲ್ಲಿ ಈರಿಯಲ್ಲಿ ಎಂಜಿನ್ ಕಟ್ಟುವುದನ್ನೇ ನಿಲ್ಲಿಸುತ್ತೇವೆ ಅಂದಿದ್ದರು. ಆಮೇಲೂ ಅಲ್ಲಿ ಕಟ್ಟಿದರು.

ಹೊಸ ಎಂಜಿನ್ ಕೊಳ್ಳದ ಗಿರಾಕಿ ಹಳೆಯದನ್ನು ರಿಪೇರಿ ಮಾಡಿಸಲೇಬೇಕು. 2022ರಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆ 600 ಹಳೆಯ ಎಂಜಿನ್‌ಗಳನ್ನು ಹೊಸದು ಮಾಡಿಸಲು 100 ಕೋಟಿ ಡಾಲರಿಗೂ ಹೆಚ್ಚಿನ ಒಪ್ಪಂದ ಮಾಡಿಕೊಂಡಿತು. ನೀನು ಡಿಸೈನ್ ಡ್ರಾಯಿಂಗಿಗೆ ಅಂಟಿಕೊಂಡು ಕೂತಿದ್ದೀಯ. ರಿಪೇರಿ ವಿಭಾಗಕ್ಕೆ ಕೇಳಿಕೊಂಡು ಹೋಗು. ಕೈ ಕೊಳೆಯಾಗುತ್ತದೆ, ಆಗಲಿ. ಗಾಲಿ ತಿರುಗಿಸುವ ಟ್ರ್ಯಾಕ್ಷನ್ ಮೋಟರ್, ಗಾಲಿಗಳನ್ನು ಹಿಡಿದಿಡುವ ಚೌಕಟ್ಟು, ಬ್ರೇಕು, ಕಂಟ್ರೋಲ್ ಈ ನಾಲ್ಕು ಡೀಸೆಲ್‌ಗೂ ಬೇಕು, ಕರೆಂಟಿಗೂ ಬೇಕು, ನಾಳೆ ಬ್ಯಾಟರಿ ಬಂದರೂ ಬೇಕು. ವಾರಾಣಸಿಯ ರೈಲ್ವೆ ಎಂಜಿನ್ ಕಾರ್ಖಾನೆಯನ್ನೇ ನೋಡು. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ ತಂದು 1964ರಲ್ಲಿ ಡೀಸೆಲ್ ಎಂಜಿನ್ ಮಾಡಲು ಶುರು ಮಾಡಿದರು. 1969ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಆಲ್ಕೊ ಬಾಗಿಲು ಹಾಕಿತು. ಆಮೇಲೂ ದಶಕಗಟ್ಟಲೆ ವಾರಾಣಸಿಯಲ್ಲಿ ಅದೇ ವಂಶದ ಎಂಜಿನ್ ಹುಟ್ಟುತ್ತಲೇ ಇತ್ತು. ಈಗ ಅದೇ ಕಾರ್ಖಾನೆ ವಿದ್ಯುತ್ ಎಂಜಿನ್ ಮಾಡುತ್ತದೆ. ನಿಜ, ಸರ್ಕಾರಿ ಕಾರ್ಖಾನೆಯಲ್ಲಿ ಯಾರಿಗೂ ಪಿಂಕ್ ಸ್ಲಿಪ್ ಕೊಡುವುದಿಲ್ಲ. ರಿಟೈರ್ ಆದವನ ಜಾಗ ಖಾಲಿ ಬಿಡುತ್ತಾರೆ, ಆ ಕೆಲಸ ಗುತ್ತಿಗೆಗೆ ಹೋಗುತ್ತದೆ. ನೋವು ಅದೇ, ಸದ್ದು ಮಾತ್ರ ಕಡಿಮೆ.

ದುಡ್ಡಿನ ವಿಷಯ ಚಿಕ್ಕದು. ಎಚ್‌1ಬಿ ವೀಸಾದವನಿಗೆ ಕೆಲಸ ಹೋದರೆ ಅಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಓಡಾಡುವುದಕ್ಕಿಂತ ಈಗಲೇ ಒಬ್ಬ ಒಳ್ಳೆಯ ವಕೀಲರನ್ನು ನೋಡು. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಡು. ಹೊಸ ಕಾರು ಬೇಡ. ವಾಪಸ್ ಬರಬೇಕಾದರೆ ನಾಚಿಕೆ ಪಡಬೇಡ. ಯಲಹಂಕದಲ್ಲಿ ಗಾಲಿ ಎರಕ ಹೊಯ್ಯುತ್ತಾರೆ, ಬೆಂಗಳೂರಿನಲ್ಲಿ ಬಿಇಎಂಎಲ್ ರೈಲಿನ ಡಬ್ಬಿ ಕಟ್ಟುತ್ತದೆ, ಎಂಜಿನ್ ವಿನ್ಯಾಸದ ಆಫೀಸುಗಳೂ ಇವೆ. ಸಂಬಳ ಕಡಿಮೆ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ವಿದ್ಯಾನಗರದ ಸೈಟಿನ ವಿಚಾರ ಸದ್ಯಕ್ಕೆ ಬೇಡ. ಮುಂಗಡ ಕೊಟ್ಟಿಲ್ಲವಲ್ಲ, ಅವರ ಜೊತೆ ನಾನೇ ಮಾತಾಡುತ್ತೇನೆ. ಭಾನುವಾರ ನಿನ್ನ ಅವ್ವನಿಗೆ ಫೋನ್ ಮಾಡಿ ನುಂಗಿದ ಅರ್ಧವನ್ನೂ ಹೇಳು. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಇಂತಿ ನಿನ್ನ ಸೋದರಮಾವ,
ಹುಬ್ಬಳ್ಳಿ