ಅಂಗಡಿ ಮುಂದಿನ ಬೋರ್ಡ್ ಯಾಕೆ ಇಳಿಸಿದೆವು: ನಮ್ಮ ಗ್ರಾಹಕರಿಗೊಂದು ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ತಿಪಟೂರಿನ ನಮ್ಮ ಕನ್ನಡಕದ ಅಂಗಡಿ ಮುಂದೆ ಇಷ್ಟು ವರ್ಷ ಒಂದು ಬೋರ್ಡ್ ಇತ್ತು. ‘ಕಂಪ್ಯೂಟರ್ ಮೂಲಕ ಕಣ್ಣಿನ ಪರೀಕ್ಷೆ ಉಚಿತ’ ಅಂತ. ಹೋದ ವಾರ ಅದನ್ನು ಇಳಿಸಿದ್ದೇವೆ. ಮಷೀನ್ ಕೆಟ್ಟಿದೆಯಾ, ಇನ್ನು ಮೇಲೆ ದುಡ್ಡು ತಗೋತೀರಾ ಅಂತ ತುಂಬಾ ಜನ ಕೇಳಿದರು. ಎರಡೂ ಅಲ್ಲ. ಆ ಬೋರ್ಡಿನ ಮಾತೇ ಸರಿಯಿರಲಿಲ್ಲ. ನಾವು ಮಾಡುವುದು ಪವರ್ ನೋಡುವ ಕೆಲಸ. ಅದನ್ನು ಕಣ್ಣಿನ ಪರೀಕ್ಷೆ ಅಂತ ಬರೆಸಿದ್ದು ನಮ್ಮ ತಪ್ಪು.

ಇದು ನಮಗೆ ಅರ್ಥವಾಗಿದ್ದು ತಡವಾಗಿ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರು ನಮ್ಮ ಹಳೆಯ ಗಿರಾಕಿ. ವಯಸ್ಸು ಐವತ್ತು ದಾಟಿದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಒಂದೂವರೆ ವರ್ಷದಲ್ಲಿ ಮೂರು ಸಲ ಬಂದರು. ಪ್ರತಿ ಸಲವೂ ಒಂದೇ ಮಾತು: ‘ಈ ಗ್ಲಾಸೂ ಯಾಕೋ ಹೊಂದ್ತಿಲ್ಲ ಸಾರ್.’ ಮೂರು ಸಲವೂ ಮಷೀನಿನಲ್ಲಿ ನೋಡಿ, ಸ್ವಲ್ಪ ನಂಬರ್ ಬದಲಿಸಿ, ಹೊಸ ಲೆನ್ಸ್ ಹಾಕಿ ಕಳಿಸಿದೆವು. ನಾಲ್ಕನೇ ಸಲ ಬಂದಾಗ ನಮ್ಮ ಬಾಗಿಲ ಪಕ್ಕ ನಿಲ್ಲಿಸಿದ್ದ ಸೈಕಲ್ಲಿಗೆ ಡಿಕ್ಕಿ ಹೊಡೆದು ಬಿದ್ದರು. ಹಗಲು ಹನ್ನೊಂದು ಗಂಟೆ, ಒಳ್ಳೆ ಬೆಳಕು. ಬಲಗಡೆ ಇದ್ದ ಸೈಕಲ್ ಅವರಿಗೆ ಕಂಡೇ ಇರಲಿಲ್ಲ. ಅವತ್ತು ಮೊದಲ ಸಲ ನಾವು, ‘ಲೆನ್ಸ್ ಬೇಡ, ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ’ ಅಂದೆವು. ಗ್ಲಾಕೋಮಾ ಅಂತ ಗೊತ್ತಾಯಿತು. ಬಲಗಣ್ಣಿನಲ್ಲಿ ಪಕ್ಕದ ನೋಟ ಬಹುಪಾಲು ಹೋಗಿತ್ತು.

ಹೋದ ನೋಟ ವಾಪಸ್ ಬರುವುದಿಲ್ಲ. ಇದನ್ನು ನಮ್ಮ ಜನ ನಂಬುವುದೇ ಇಲ್ಲ, ಯಾಕೆಂದರೆ ನಮಗೆಲ್ಲ ಗೊತ್ತಿರುವುದು ಪೊರೆ. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡಿದ ನಾಡು ಇದು. ಏನೂ ಕಾಣದೆ ಕೈ ಹಿಡಿಸಿಕೊಂಡು ಹೋದ ಅಜ್ಜ ಆಪರೇಷನ್ ಆದಮೇಲೆ ಮೊಮ್ಮಕ್ಕಳ ಮುಖ ನೋಡಿದ್ದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದಾರೆ. ಹಾಗಾಗಿ ‘ಕಣ್ಣು ಮಂಜಾದರೆ ಪೊರೆ ಬಂದಿರಬೇಕು, ಇನ್ನೂ ಸ್ವಲ್ಪ ಬಲಿಯಲಿ, ಆಮೇಲೆ ತೆಗೆಸಿದರಾಯಿತು’ ಅನ್ನುವ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಪೊರೆಯಾದರೆ ಕಣ್ಣೊಳಗಿನ ಮಬ್ಬಾದ ಲೆನ್ಸ್ ತೆಗೆದು ಹೊಸದು ಹಾಕಬಹುದು. ಗ್ಲಾಕೋಮಾ ಹಾಳು ಮಾಡುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರವನ್ನು. ಆ ನರದಲ್ಲಿ ಸುಮಾರು ಹತ್ತು ಹನ್ನೆರಡು ಲಕ್ಷ ಎಳೆಗಳಿರುತ್ತವೆ. ಸತ್ತ ಎಳೆಯನ್ನು ಮತ್ತೆ ಬದುಕಿಸುವ ಔಷಧಿ ಇವತ್ತಿಗೂ ಇಲ್ಲ. ಉಳಿದದ್ದನ್ನು ಕಾಪಾಡಬಹುದು, ಅಷ್ಟೇ.

‘ಅಷ್ಟೊಂದು ಹಾಳಾಗುವ ತನಕ ಅವರಿಗೆ ಗೊತ್ತಾಗಲಿಲ್ವಾ?’ ಅಂತ ನೀವು ಕೇಳಬಹುದು. ನಮಗೂ ಅದೇ ಅನಿಸಿತ್ತು. ಹೆಚ್ಚಿನವರಲ್ಲಿ ಈ ಕಾಯಿಲೆಗೆ ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ಮೊದಲು ಹೋಗುವುದು ಪಕ್ಕದ ನೋಟ. ನಡುವಿನ ನೋಟ ಕೊನೆಯ ತನಕ ಚೆನ್ನಾಗಿರಬಹುದು. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ನೋಡುತ್ತದೆ. ಎರಡಕ್ಕೂ ಕಾಣದ ಜಾಗವನ್ನು ಮೆದುಳೇ ಸುತ್ತಲಿನ ಬಣ್ಣ ಬಳಿದು ತುಂಬಿಬಿಡುತ್ತದೆ. ಅಲ್ಲಿ ಕಪ್ಪು ಕಾಣುವುದಿಲ್ಲ, ಏನೂ ಇಲ್ಲ ಅಂತಲೂ ಅನಿಸುವುದಿಲ್ಲ.

ಅಪರೂಪಕ್ಕೆ ಕೆಲವರಿಗೆ ಇದು ಇದ್ದಕ್ಕಿದ್ದಂತೆ ಬರುತ್ತದೆ. ಕಣ್ಣು ಕೆಂಪಾಗಿ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಹಾಗೇನಾದರೂ ಆದರೆ ತಲೆನೋವು, ಪಿತ್ತ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಈಗ ನಮ್ಮ ಮಷೀನಿನ ವಿಷಯ. ಗಲ್ಲ ಇಟ್ಟು ನೋಡಿದಾಗ ದಾರಿಯ ಕೊನೆಯಲ್ಲಿ ಒಂದು ಬಲೂನ್ ಕಾಣುತ್ತದೆ, ನೆನಪಿದೆ ಅಲ್ವಾ? ಅದು ಲೆನ್ಸಿನ ನಂಬರ್ ಎಷ್ಟಿರಬೇಕು ಅಂತ ಹೇಳುವ ಮಷೀನ್, ಅಷ್ಟೇ. ಕಣ್ಣಿನ ಒಳಗಿನ ಪ್ರೆಶರ್ ಅದಕ್ಕೆ ಗೊತ್ತಿಲ್ಲ. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ನರಕ್ಕೆ ಪೆಟ್ಟು ಕೊಡುವುದು ಈ ಪ್ರೆಶರ್. ಹಿಂದಿನ ನರ, ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಹೇಗಿದೆ ಅಂತ ಅದು ನೋಡುವುದಿಲ್ಲ. ಗೋಡೆ ಮೇಲಿನ ಅಕ್ಷರವನ್ನು ಕೊನೆ ಸಾಲಿನವರೆಗೂ ಓದಿದವರಿಗೂ ಒಳಗೆ ಕಾಯಿಲೆ ಇರಬಹುದು. ಡಾಕ್ಟರ್ ಮಾಡುವ ಪೂರ್ತಿ ಪರೀಕ್ಷೆ ಬೇರೆ. ಪ್ರೆಶರ್ ಅಳೆಯುತ್ತಾರೆ. ಸಾಮಾನ್ಯವಾಗಿ ಅದು ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್ ಒಳಗಿರುತ್ತದೆ, ಆದರೆ ಅಷ್ಟೇ ಇದ್ದರೂ ಕೆಲವರಿಗೆ ಗ್ಲಾಕೋಮಾ ಬರುತ್ತದೆ. ಅದಕ್ಕೇ ಡ್ರಾಪ್ಸ್ ಹಾಕಿ, ಕಣ್ಣಿನ ಪಾಪೆ ಅಗಲವಾದ ಮೇಲೆ ಒಳಗಿನ ನರವನ್ನೂ ನೋಡುತ್ತಾರೆ. ಅನುಮಾನ ಬಂದರೆ ಫೀಲ್ಡ್ ಟೆಸ್ಟ್ ಮಾಡಿಸುತ್ತಾರೆ. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕು. ಯಾವ ಜಾಗದ ಚುಕ್ಕಿ ತಪ್ಪಿತು ಅನ್ನುವುದು ಕಾಗದದ ಮೇಲೆ ಬರುತ್ತದೆ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಬೈಕಿನಲ್ಲಿ ಒಬ್ಬರೇ ಹೋಗಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ.

ಹಾಗಾಗಿ ಮುಂದಿನ ತಿಂಗಳು 1ನೇ ತಾರೀಖಿನಿಂದ ನಮ್ಮ ಕೆಲಸದ ರೀತಿ ಸ್ವಲ್ಪ ಬದಲಾಗುತ್ತದೆ. ಪವರ್ ನೋಡುವುದು ಎಂದಿನಂತೆ ಉಚಿತ. ಹೊಸ ಬೋರ್ಡಿನಲ್ಲಿ ‘ಪವರ್ ಪರೀಕ್ಷೆ’ ಅಂತಲೇ ಇರುತ್ತದೆ. ನಲವತ್ತು ದಾಟಿದವರು ಚಾಳೀಸು ಮಾಡಿಸಲು ಬಂದಾಗ, ಡಾಕ್ಟರಿಗೆ ಕೊನೆಯ ಸಲ ಯಾವಾಗ ತೋರಿಸಿದಿರಿ ಅಂತ ಕೇಳಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತೇವೆ. ತೋರಿಸಿಲ್ಲ ಅಂದರೂ ಚಾಳೀಸು ಕೊಡುತ್ತೇವೆ. ಸೂಜಿಗೆ ದಾರ ಪೋಣಿಸಲಾಗದೆ, ಬಿಲ್ ಬರೆಯಲಾಗದೆ ಯಾರ ಕೆಲಸವೂ ನಿಲ್ಲಬಾರದು. ಆದರೆ ಎರಡು ಸಂದರ್ಭದಲ್ಲಿ ಮಾತ್ರ ಡಾಕ್ಟರ್ ಚೀಟಿ ಇಲ್ಲದೆ ಲೆನ್ಸ್ ಹಾಕುವುದಿಲ್ಲ: ಒಂದು ವರ್ಷದೊಳಗೆ ಎರಡನೇ ಸಲ ನಂಬರ್ ಬದಲಾಗಿದ್ದರೆ, ಅಥವಾ ಯಾವ ಲೆನ್ಸ್ ಹಾಕಿದರೂ ನೋಟ ಪೂರ್ತಿ ತಿಳಿಯಾಗದಿದ್ದರೆ. ಇದರಿಂದ ಕೆಲವರಿಗೆ ಬೇಜಾರಾಗುತ್ತದೆ, ನಮಗೆ ಗೊತ್ತು. ದೂರದ ಹಳ್ಳಿಯಿಂದ ಬಸ್ಸು ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮಗೂ ಕಷ್ಟ. ಆದರೂ ಆ ಮೂರು ಜೊತೆ ಲೆನ್ಸ್ ನೆನಪಾದಾಗ ಬೇರೆ ದಾರಿ ಕಾಣುವುದಿಲ್ಲ.

ಯಾವ ಡಾಕ್ಟರ್ ಅನ್ನುವುದು ನಿಮ್ಮ ಇಷ್ಟ. ಯಾವ ಆಸ್ಪತ್ರೆಯಿಂದಲೂ ನಮಗೆ ಕಮಿಷನ್ ಇಲ್ಲ, ತಗೊಳ್ಳುವುದೂ ಇಲ್ಲ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ ಕೂಡ ಸರ್ಕಾರಿ ಆಸ್ಪತ್ರೆಯೇ. ಬೆಳಿಗ್ಗೆ ರೈಲಿಗೆ ಹೋದರೆ ಸಂಜೆಗೆ ವಾಪಸ್ ಬರಬಹುದು.

ಶುಗರ್ ಇರುವವರಿಗೆ ಇನ್ನೊಂದು ಮಾತು. ಶುಗರ್ ಏರಿಳಿದಾಗ ಕಣ್ಣಿನ ಲೆನ್ಸ್ ಉಬ್ಬಿ ಇಳಿದು ನಂಬರೇ ಬದಲಾಗುತ್ತದೆ. ಅಂಥ ಹೊತ್ತಿನಲ್ಲಿ ಮಾಡಿಸಿದ ಕನ್ನಡಕ ತಿಂಗಳಲ್ಲಿ ಹೊಂದದೇ ಹೋಗಬಹುದು. ಮೊದಲು ಶುಗರ್ ಹತೋಟಿಗೆ ಬರಲಿ, ಆಮೇಲೆ ಬನ್ನಿ. ಅದಕ್ಕಿಂತ ಮುಖ್ಯವಾದದ್ದು, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಿ. ಅಲ್ಲಿನ ಸಣ್ಣ ರಕ್ತನಾಳಗಳು ಸೋರಲು ಶುರುವಾದಾಗ ನಿಮಗೆ ಏನೂ ಗೊತ್ತಾಗುವುದಿಲ್ಲ. ಬೇಗ ಕಂಡರೆ ಲೇಸರ್, ಇಂಜೆಕ್ಷನ್ ಕೊಟ್ಟು ನೋಟ ಉಳಿಸಲು ಆಗುತ್ತದೆ.

ಕೊಬ್ಬರಿ ಕೆಲಸದವರು ಧೂಳಿನಿಂದ ಕಣ್ಣು ಉರಿದಾಗ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವುದನ್ನು ನೋಡುತ್ತಿರುತ್ತೇವೆ. ದಯವಿಟ್ಟು ನಿಲ್ಲಿಸಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಉರಿಯೇನೋ ತಕ್ಷಣ ಕಡಿಮೆಯಾಗುತ್ತದೆ, ಆದರೆ ಕೆಲವರಿಗೆ ಒಳಗೆ ಪ್ರೆಶರ್ ಏರುತ್ತದೆ. ಮನೆಯಲ್ಲಿರುವ ಬಾಟಲಿಯನ್ನು ಅಂಗಡಿಗೆ ತನ್ನಿ. ಅದರಲ್ಲಿ ಸ್ಟಿರಾಯ್ಡ್ ಇದೆಯಾ ಅಂತ ಓದಿ ಹೇಳುತ್ತೇವೆ. ಮಾತಿಗೆ ದುಡ್ಡಿಲ್ಲ.

ಲೆಕ್ಕ ಬರೆಯುವ ನಮ್ಮ ಗಿರಾಕಿ ಈಗ ದಿನಾ ತಪ್ಪದೆ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದಾರೆ. ಎಡಗಣ್ಣು ಚೆನ್ನಾಗಿದೆ, ಕೆಲಸಕ್ಕೂ ಹೋಗುತ್ತಿದ್ದಾರೆ. ಹೆತ್ತವರಿಗೆ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ನಮಗೂ ಬರುವ ಸಂಭವ ಜಾಸ್ತಿ ಅಂತ ಡಾಕ್ಟರ್ ಹೇಳಿದ ಮೇಲೆ ಇಬ್ಬರು ತಮ್ಮಂದಿರನ್ನೂ ತಾವೇ ಕರೆದುಕೊಂಡು ಹೋಗಿ ತೋರಿಸಿದರು. ಒಬ್ಬರಿಗೆ ಇದೇ ಕಾಯಿಲೆ ಶುರುವಾಗಿತ್ತು. ಅವರಿಗಿನ್ನೂ ನಲವತ್ತಾರು, ನೋಟ ಏನೂ ಹೋಗಿಲ್ಲ. ಅವರ ಕಾರ್ಡೂ ಈಗ ನಮ್ಮ ಪೆಟ್ಟಿಗೆಯಲ್ಲಿದೆ.

ಮುಂದಿನ ಸಲ ಬರುವಾಗ ಹಳೆಯ ಚೀಟಿ, ಹಳೆಯ ಕನ್ನಡಕ ಎರಡನ್ನೂ ತನ್ನಿ. ಮನೆಯಲ್ಲಿ ಯಾರಿಗಾದರೂ ಕಣ್ಣಿನ ಕಾಯಿಲೆ ಇತ್ತಾ ಅಂತ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿಕೊಂಡು ಬನ್ನಿ. ಕಾರ್ಡಿನಲ್ಲಿ ಅದಕ್ಕೂ ಒಂದು ಸಾಲು ಬಿಟ್ಟಿದ್ದೇವೆ.

ನಿಮ್ಮ ವಿಶ್ವಾಸದ,
ಕನ್ನಡಕದ ಅಂಗಡಿಯವರು, ತಿಪಟೂರು