ಮಗಳಿಗೊಂದು ಪತ್ರ: ಶನಿವಾರದ ಗಡುವಿಗೆ ಹೆದರಿ ಹಣ ಕಟ್ಟಬೇಡ

ಹಾಸನ
ಮಂಗಳವಾರ

ಚಿ. ಚೈತ್ರಾಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಭಾನುವಾರ ರಾತ್ರಿ ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡಿದೆವೇ ಹೊರತು ಯಾರ ಮಾತೂ ಯಾರಿಗೂ ಮುಟ್ಟಲಿಲ್ಲ. ಅದಕ್ಕಾಗಿಯೇ ಈ ಕಾಗದ. ನಾಳೆ ಸ್ಪೀಡ್ ಪೋಸ್ಟಿಗೆ ಹಾಕಿದರೆ ಶುಕ್ರವಾರದ ಹೊತ್ತಿಗೆ ನಿನ್ನ ಪಿ.ಜಿ.ಗೆ ಸೇರಬಹುದು, ಆನ್‌ಲೈನಿನಲ್ಲೇ ನರ್ಸಿಂಗ್ ಪದವಿ ಕೊಡಿಸುತ್ತೇನೆಂದು ನಿನ್ನಿಂದ ಹಣ ಕೇಳುತ್ತಿರುವ ಆ ಮನುಷ್ಯ ಕೊಟ್ಟಿರುವ ಶನಿವಾರದ ಗಡುವಿಗೆ ಆಗಲೂ ಒಂದು ದಿನ ಉಳಿದಿರುತ್ತದೆ. ನಿನ್ನನ್ನು ಓದಿಸಿದ್ದೇ ದಂಡವಾಯಿತೆಂದು ನಾನು ಅಂದದ್ದು ಬರೀ ಸಿಟ್ಟಿನ ಮಾತು, ಮನಸ್ಸಿನಲ್ಲಿಟ್ಟುಕೊಳ್ಳಬೇಡ. ನೀನು ಅಂದದ್ದನ್ನು ನಾನೂ ಇಲ್ಲಿ ಎತ್ತುವುದಿಲ್ಲ. ನಿಮ್ಮಪ್ಪ ತೀರಿಹೋದ ವರ್ಷ ನೀನು ಬಿ.ಎಸ್ಸಿ. ಸೀಟು ಬಿಟ್ಟು ಜಿ.ಎನ್.ಎಂ. ನರ್ಸಿಂಗ್ ಡಿಪ್ಲೊಮಾಗೆ ಏಕೆ ಸೇರಿದೆ ಎಂಬುದು ಇಬ್ಬರಿಗೂ ಗೊತ್ತಿರುವ ವಿಷಯ, ಅದನ್ನು ಮತ್ತೆ ಕೆದಕಿ ಫಲವಿಲ್ಲ.

ನಿನಗೆ ಪದವಿ ಬೇಕೆನಿಸಿರುವುದು ನ್ಯಾಯವೇ. ಐ.ಸಿ.ಯು.ನಲ್ಲಿ ವೆಂಟಿಲೇಟರಿನ ಅಲಾರಂ ಕೇಳಿಯೇ ಏನಾಗಿದೆಯೆಂದು ಹೇಳಬಲ್ಲ ನಿನ್ನನ್ನು ಹಾಗೆಯೇ ಇಟ್ಟು, ನಿನ್ನ ಕೈಕೆಳಗೆ ಕ್ಯಾನುಲಾ ಹಾಕಲು ಕಲಿತ ಹುಡುಗಿಯನ್ನು ಪದವಿ ಇದೆಯೆಂಬ ಕಾರಣಕ್ಕೆ ಇನ್‌ಚಾರ್ಜ್ ಮಾಡಿದರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ? ನೈಟ್ ಡ್ಯೂಟಿ ಮುಗಿಸಿ ಬಂದು ಕಾಲೇಜಿಗೆ ಹೋಗಲಾಗದು, ಕೆಲಸ ಬಿಟ್ಟರೆ ಬಾಡಿಗೆ ಕಟ್ಟಲಾಗದು ಎಂಬುದೂ ನಿಜ. ಆನ್‌ಲೈನ್ ಎಂದರೆ ನನಗೆ ಅಲರ್ಜಿ ಎಂದು ನೀನು ತಿಳಿದಿರುವೆ. ಹಳ್ಳಿಯ ಸಹಾಯಕ ನರ್ಸ್ (ಎ.ಎನ್.ಎಂ.) ಆಗಿದ್ದ ನನ್ನ ಸರ್ವಿಸ್ಸಿನ ಕೊನೆಯಲ್ಲಿ ಅನ್ಮೋಲ್ ಟ್ಯಾಬ್ಲೆಟ್ ಕೈಗೆ ಕೊಟ್ಟಾಗ, ಗರ್ಭಿಣಿಯರ ದಾಖಲೆಯನ್ನೆಲ್ಲ ಅದರಲ್ಲಿ ತುಂಬುವುದನ್ನು ನಮ್ಮ ಉಪಕೇಂದ್ರದ ಹುಡುಗಿಯರಿಗಿಂತ ಮೊದಲು ಕಲಿತವಳು ನಾನು. ನನ್ನ ತಕರಾರು ಆನ್‌ಲೈನಿನ ಮೇಲಲ್ಲ, ಈ ಪದವಿಯ ಮೇಲೆ, ಮತ್ತು ಅದನ್ನು ಮಾರಲು ಹೊರಟವನ ಮೇಲೆ.

ಶನಿವಾರ ನೀನೇ ಕಾನ್ಫರೆನ್ಸ್ ಕಾಲಿನಲ್ಲಿ ಅವನನ್ನು ನನಗೆ ಸೇರಿಸಿದ್ದೆಯಲ್ಲ, ನೆನಪು ಮಾಡಿಕೋ. ತಾನು 'ಅಡ್ಮಿಷನ್ ಕೌನ್ಸೆಲರ್' ಎಂದ. ಯಾವ ಊರಿನ ವಿಶ್ವವಿದ್ಯಾಲಯ ಎಂದು ಕೇಳಿದರೆ ಹೊರರಾಜ್ಯದ್ದೊಂದರ ಹೆಸರು ಹೇಳಿ, 'ಯು.ಜಿ.ಸಿ. ಅಪ್ರೂವ್ಡ್ ಮೇಡಂ' ಎಂದ. ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕೇಳಿದೆ. 'ಯು.ಜಿ.ಸಿ. ಇದ್ದರೆ ಎಲ್ಲ ಇದ್ದ ಹಾಗೆ ಮೇಡಂ' ಎಂದ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಾಗ, ಪರಿಷತ್ತನ್ನೇ ತೆಗೆದು ಹೊಸ ಆಯೋಗ ತರುತ್ತಿದ್ದಾರೆ, ಆಗ ಎಲ್ಲ ಸರಿಹೋಗುತ್ತದೆ ಎಂದ. ಕ್ಲಿನಿಕಲ್ ಪೋಸ್ಟಿಂಗ್ ಎಲ್ಲಿ ಎಂದಾಗ ನಕ್ಕು, 'ಅದನ್ನು ನಾವು ಅಡ್ಜಸ್ಟ್ ಮಾಡಿಕೊಡುತ್ತೇವೆ' ಎಂದ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಎರಡೇ ಸೀಟು ಉಳಿದಿವೆ, ಬ್ಲಾಕ್ ಮಾಡಲು ಇಪ್ಪತ್ತೈದು ಸಾವಿರ ಕಟ್ಟಿ, ಮೂಲ ಅಂಕಪಟ್ಟಿಗಳನ್ನು ಕೊರಿಯರ್ ಮಾಡಿ ಎಂದ. ಹಣ ಹಾಕಲು ಕಳುಹಿಸಿದ್ದು ಮಾತ್ರ ಯಾರದೋ ಸ್ವಂತ ಫೋನ್ ಪೇ ನಂಬರು.

ವಿಶ್ವವಿದ್ಯಾಲಯಕ್ಕೆ ಯು.ಜಿ.ಸಿ. ಮಾನ್ಯತೆ ಇರುವುದು ಬೇರೆ, ಅಲ್ಲಿ ನಡೆಯುವ ನರ್ಸಿಂಗ್ ಕೋರ್ಸಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇರುವುದು ಬೇರೆ. ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗಾಗಿ 2020ರಲ್ಲಿ ಯು.ಜಿ.ಸಿ.ಯೇ ಹೊರಡಿಸಿದ ನಿಯಮಾವಳಿಯಲ್ಲಿ, ಆ ರೀತಿಯಲ್ಲಿ ಕಲಿಸಬಾರದ ವಿಷಯಗಳ ಪಟ್ಟಿಯೊಂದಿದೆ. ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿ, ಕಾನೂನುಗಳ ಜೊತೆಗೆ ನರ್ಸಿಂಗ್ ಕೂಡ ಆ ಪಟ್ಟಿಯಲ್ಲಿದೆ. ಅಂದಮೇಲೆ ಯಾವ ಯು.ಜಿ.ಸಿ.ಯ ಹೆಸರನ್ನು ಅವನು ಮಂತ್ರದಂತೆ ಜಪಿಸುತ್ತಿದ್ದನೋ ಅದೇ ಯು.ಜಿ.ಸಿ. ಅವನ ವ್ಯಾಪಾರವನ್ನು ನಿಷೇಧಿಸಿದೆ. ಕೋರ್ಸನ್ನು ಏಜೆಂಟರಿಗೆ ಫ್ರಾಂಚೈಸಿ ಕೊಡುವುದಕ್ಕೂ ಆ ನಿಯಮಾವಳಿಯಲ್ಲಿ ಅವಕಾಶವಿಲ್ಲ. ಹೊಸ ಆಯೋಗದ ಕಾಯ್ದೆ 2023ರಲ್ಲಿ ಆದದ್ದು ನಿಜ. ಆದರೆ ನಾಳೆ ಯಾವ ಆಯೋಗ ಬಂದರೂ ಇಂದು ಮಾನ್ಯತೆಯಿಲ್ಲದ ಪದವಿಗೆ ಅದು ಜೀವ ತುಂಬಬೇಕೆಂದೇನೂ ಇಲ್ಲ. ಜಿ.ಎನ್.ಎಂ. ಆದವರು ಪದವಿಗಾಗಿ ಮಾಡುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿದ ಮೇಲೆ ಹೆಚ್ಚುವರಿ ವಿದ್ಯಾರ್ಹತೆಯನ್ನು ಬೆಂಗಳೂರಿನ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಬೇಕಲ್ಲ, ಅಲ್ಲಿ ಕೌಂಟರಿನ ಈಚೆ ನಿಲ್ಲುವವಳು ನೀನು, ಈ ಕೌನ್ಸೆಲರ್ ಅಲ್ಲ.

ಇದನ್ನೆಲ್ಲ ಹೇಳಿದಾಗ ನೀನು ಕೊಟ್ಟ ಉತ್ತರ, 'ಅಮ್ಮ, ನನ್ನ ಕೈ ಪಳಗಿದೆ, ನನಗೆ ಬೇಕಿರುವುದು ಕಾಗದ ಮಾತ್ರ' ಎಂಬುದು. ಆ ಮಾತು ಭಾನುವಾರದಿಂದ ನನ್ನನ್ನು ಕಾಡುತ್ತಿದೆ. ಯಸಳೂರು ಕಡೆ ಇದ್ದಾಗಿನ ಒಂದು ರಾತ್ರಿಯ ಸಂಗತಿಯನ್ನು ನಿನಗೆ ಪೂರ್ತಿ ಹೇಳಿಲ್ಲ. ಅಂದು ನಿನ್ನನ್ನು ಪಕ್ಕದ ಮನೆಯ ಅಜ್ಜಿಯ ಬಳಿ ಮಲಗಿಸಿ ಹೋಗಿದ್ದೆ, ಬೆಳಿಗ್ಗೆ ನೀನು ಮುಖ ತಿರುಗಿಸಿಕೊಂಡು ಕೂತಿದ್ದೆ, ನಿನಗೆ ನೆನಪಿರುವುದು ಅಷ್ಟೇ ಇರಬೇಕು.

ಆಷಾಢದ ಮಳೆ. ಕಾಫಿ ತೋಟದ ಲೈನ್ ಮನೆಯೊಂದರಲ್ಲಿ ಹೆರಿಗೆ, ಮೂರನೆಯ ಬಾಣಂತನ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ, ಅದಕ್ಕಿನ್ನೂ ವರ್ಷಗಳಿದ್ದವು. ಮಗು ಹುಟ್ಟಿತು, ಅತ್ತಿತು, ಮಾಸೂ ಪೂರ್ತಿಯಾಗಿ ಬಿತ್ತು. ಎಲ್ಲ ಸುಸೂತ್ರವಾಯಿತೆಂದು ನಾನು ಕೈ ತೊಳೆಯಲು ಏಳುವಾಗ, ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಅಂಚಿನಿಂದ ರಕ್ತ ನೆಲಕ್ಕೆ ಇಳಿಯುತ್ತಿರುವುದು ಚಿಮಣಿ ಬೆಳಕಿನಲ್ಲಿ ಕಂಡಿತು. ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಎಲ್ಲಿದೆಯೆಂದೇ ಸಿಗಲಿಲ್ಲ. ಕಲಸಿಟ್ಟ ಹಿಟ್ಟಿನ ಹಾಗೆ ಕೈಕೆಳಗೆ ಜಾರುತ್ತಿತ್ತು. ಗರ್ಭಕೋಶ ಬಿಗಿಸುವ ಮೆಥರ್ಜಿನ್ ಚುಚ್ಚಿದೆ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಬಿಗಿಯುವುದಿಲ್ಲವೆಂಬುದು ನೆನಪಾಗಿ ಮೊದಲು ಅದನ್ನು ಖಾಲಿ ಮಾಡಿಸಿದೆ, ಮಗುವನ್ನು ಮೊಲೆಗೆ ಹಿಡಿಸಲು ಅತ್ತೆಗೆ ಹೇಳಿದೆ, ಆಮೇಲೆ ಹೊಕ್ಕುಳಿನ ಹತ್ತಿರ ಅಂಗೈ ಒತ್ತಿ ಉಜ್ಜುತ್ತಲೇ ಹೋದೆ. ಗಟ್ಟಿಯಾಯಿತು. ಕೈ ತೆಗೆದೆ, ಮತ್ತೆ ಸಡಿಲವಾಯಿತು. ತೋಟದ ಸಾಹುಕಾರರ ಜೀಪಿನಲ್ಲಿ ಮಲಗಿಸಿಕೊಂಡು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಸೇರುವವರೆಗೂ ಆ ಹೆಣ್ಣುಮಗಳ ಹೊಟ್ಟೆಯಿಂದ ನಾನು ಕೈ ತೆಗೆಯಲಿಲ್ಲ. ಅವಳು ಉಳಿದಳು.

ನನ್ನ ಎ.ಎನ್.ಎಂ. ತರಬೇತಿ ಒಂದೂವರೆ ವರ್ಷದ್ದು. ಪುಸ್ತಕದಲ್ಲಿ ರಕ್ತಸ್ರಾವದ ಬಗ್ಗೆ ಇದ್ದದ್ದು ಅರ್ಧ ಪುಟ, ಅದನ್ನು ಬಾಯಿಪಾಠ ಮಾಡಿ ಅಂಕವನ್ನೂ ತೆಗೆದಿದ್ದೆ. ಆದರೆ ಆ ರಾತ್ರಿ ನೆನಪಿಗೆ ಬಂದದ್ದು ಆ ಅರ್ಧ ಪುಟವಲ್ಲ. ಹೆರಿಗೆ ವಾರ್ಡಿನ ಸಿಸ್ಟರ್ ಒಬ್ಬರು ನನ್ನ ಮಣಿಕಟ್ಟು ಹಿಡಿದು, ಒಬ್ಬ ಬಾಣಂತಿಯ ಹೊಟ್ಟೆಯ ಮೇಲಿಟ್ಟು, 'ನೋಡು, ಇದು ಬಿಗಿದಿರುವುದು' ಎಂದು, ಪಕ್ಕದ ಮಂಚಕ್ಕೆ ಎಳೆದುಕೊಂಡು ಹೋಗಿ, 'ಇದು ಇನ್ನೂ ಬಿಗಿಯಬೇಕಾದದ್ದು' ಎಂದು ತೋರಿಸಿದ್ದರು. ತಪ್ಪು ಹೇಳಿದರೆ ಬೆನ್ನಿಗೆ ಗುದ್ದುತ್ತಿದ್ದರು. ಅವರು ಬೈದಷ್ಟು ನನ್ನನ್ನು ಯಾರೂ ಬೈದಿಲ್ಲ. ಇದನ್ನೆಲ್ಲ 'ಅಡ್ಜಸ್ಟ್ ಮಾಡಿಕೊಡುತ್ತೇವೆ' ಎಂದು ಒಬ್ಬ ನಗುತ್ತಾ ಹೇಳಿದಾಗ ನನಗೆ ಏನಾಗಿರಬೇಡ, ಚೈತ್ರಾ?

ನಿನ್ನ ಕೈ ಪಳಗಿರುವುದನ್ನು ನಾನು ಒಪ್ಪುತ್ತೇನೆ. ಆದರೆ ಪಿ.ಯು.ಸಿ. ಮುಗಿಸಿದವರಿಗೂ ಮನೆಯಲ್ಲೇ ಕೂತು ಮಾಡುವ ಬಿ.ಎಸ್ಸಿ. ನರ್ಸಿಂಗ್ ಇದೆ, ನೆಂಟರಿದ್ದರೆ ಹೇಳಿ ಎಂದನಲ್ಲ ಅವನು, ಅದನ್ನು ನೀನು ಗಮನಿಸಿದೆಯೋ ಇಲ್ಲವೋ. ಒಂದು ದಿನವೂ ಲೇಬರ್ ರೂಮಿನಲ್ಲಿ ನಿಲ್ಲದ ಹುಡುಗಿಗೂ ಅವನು ಅದೇ ಲಕೋಟೆಯಲ್ಲಿ ಅದೇ ವಿಶ್ವವಿದ್ಯಾಲಯದ ಪದವಿಯನ್ನು ಕಳುಹಿಸುತ್ತಾನೆ. ನಾಳೆ ನಿನ್ನ ಅರ್ಜಿ ನೋಡುವವರಿಗೆ ನಿನ್ನ ಕೈ ಕಾಣುವುದಿಲ್ಲ, ಆ ಕಾಗದ ಮಾತ್ರ ಕಾಣುತ್ತದೆ. ಅದು ಯಾವ ಜಾತಿಯ ಕಾಗದವೆಂದು ತಿಳಿದವರು ನಿನ್ನ ಜಿ.ಎನ್.ಎಂ.ನ ಮೂರು ವರ್ಷವನ್ನೂ ಅನುಮಾನದಿಂದಲೇ ನೋಡುತ್ತಾರೆ. ನನ್ನ ಹೆದರಿಕೆ ಇದು. ಇಪ್ಪತ್ತೈದು ಸಾವಿರ ಹೋದರೆ ಹೋಗಲಿ, ಹೇಗೋ ಸಂಪಾದಿಸಬಹುದು.

ಅಮೆರಿಕದಲ್ಲಿ ಎಲ್ಲರೂ ಆನ್‌ಲೈನಿನಲ್ಲೇ ನರ್ಸಿಂಗ್ ಪದವಿ ಮಾಡುತ್ತಾರೆಂದು ಅವನು ನಿನ್ನ ತಲೆಯಲ್ಲಿ ತುಂಬಿದ್ದಾನೆ. ಅರ್ಧ ನಿಜ. ಅಲ್ಲಿ ಆಗಲೇ ಪರವಾನಗಿ ಪಡೆದು ನೋಂದಾಯಿತ ನರ್ಸ್ ಆಗಿರುವವರು ಪದವಿಗಾಗಿ ಮಾಡುವ ಕೋರ್ಸುಗಳ ಪಾಠಗಳು ಬಹುಮಟ್ಟಿಗೆ ಆನ್‌ಲೈನಿನಲ್ಲಿರುತ್ತವೆ. ಅವುಗಳಿಗೂ ಸಿ.ಸಿ.ಎನ್.ಇ. ಅಥವಾ ಎ.ಸಿ.ಇ.ಎನ್. ಎಂಬ ಸಂಸ್ಥೆಗಳ ಮಾನ್ಯತೆ ಇದೆಯೇ ಎಂದು ನೋಡಿಯೇ ತಿಳಿದವರು ಸೇರುತ್ತಾರೆ. ಮೊದಲ ಬಾರಿಗೆ ಪರವಾನಗಿ ಬೇಕೆನ್ನುವವರು ಆಸ್ಪತ್ರೆಯಲ್ಲಿ ರೋಗಿಯ ಬಳಿ ನಿಂತು ಕಲಿಯಲೇಬೇಕು. ಅಲ್ಲಿನ ನಿಯಮವನ್ನು ಇಲ್ಲಿನ ಅಂಗಡಿಗೆ ಬೋರ್ಡು ಮಾಡಿಕೊಂಡರೆ ಹೇಗೆ? ನಿನಗೆ ಮುಂದೆ ಹೊರದೇಶದ ಆಸೆಯಿದ್ದರೂ, ಅಲ್ಲಿಯವರು ಕೇಳುವ ಟ್ರಾನ್‌ಸ್ಕ್ರಿಪ್ಟಿನಲ್ಲಿ ಪಾಠದ ಗಂಟೆಗಳ ಜೊತೆಗೆ ಕ್ಲಿನಿಕಲ್ ಗಂಟೆಗಳನ್ನೂ ವಿಷಯವಾರು ಬರೆದು ಕಾಲೇಜು ಸಹಿ ಹಾಕಬೇಕಾಗುತ್ತದೆ.

ಉಪದೇಶ ಬೇಡವೆಂದುಕೊಂಡೇ ಕೂತಿದ್ದೆ, ಆದರೂ ಇಷ್ಟು ಬರೆಯದೆ ಇರಲಾಗುವುದಿಲ್ಲ. ಸೇರುವ ಮನಸ್ಸಾಗುವ ಯಾವುದೇ ಕಾಲೇಜಿನ ಹೆಸರನ್ನು ಭಾರತೀಯ ನರ್ಸಿಂಗ್ ಪರಿಷತ್ತಿನ ವೆಬ್‌ಸೈಟಿನಲ್ಲಿರುವ ಆ ವರ್ಷದ ಪಟ್ಟಿಯಲ್ಲಿ ನೀನೇ ಹುಡುಕು, ಅವರು ಕಳುಹಿಸುವ ಪಿ.ಡಿ.ಎಫ್. ನಂಬಬೇಡ. ಅಡ್ಮಿಷನ್‌ನವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಸಂಸ್ಥೆಯ ಇಮೇಲಿನಿಂದ ಬರೆದು ಕಳುಹಿಸಿ ಎಂದು ಕೇಳು. ನಿಜ ಹೇಳುವವರಿಗೆ ಅದು ಕಷ್ಟವಲ್ಲ, ಉಳಿದವರು ಫೋನು ಮಾಡುವುದನ್ನೇ ನಿಲ್ಲಿಸುತ್ತಾರೆ. ಇವತ್ತೇ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡ. ಕಟ್ಟುವುದೇ ಆದರೆ ಸಂಸ್ಥೆಯ ಖಾತೆಗೆ ಕಟ್ಟಿ ರಸೀದಿ ತೆಗೆದುಕೋ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಯು.ಜಿ.ಸಿ. 2018ರಲ್ಲೇ ಸೂಚಿಸಿದೆ. ಕಾಲೇಜೇ ಇಟ್ಟುಕೊಳ್ಳುವಂತಿಲ್ಲ ಎಂದಮೇಲೆ ಯಾವನೋ ಕೌನ್ಸೆಲರಿಗೆ ಅವನ್ನು ಕೊರಿಯರ್ ಮಾಡುವುದು ಯಾವ ಬುದ್ಧಿ?

ಹಾಗಾದರೆ ದಾರಿ ಯಾವುದು ಎಂದು ನೀನು ಕೇಳುವೆ. ಕೆಲಸ ಬಿಡದೆ ಮಾಡಲೇಬೇಕೆಂದರೆ, ಆ ನಿಷೇಧದ ಪಟ್ಟಿ ಇದ್ದರೂ, ನರ್ಸಿಂಗ್ ಪರಿಷತ್ತಿನ ಒಪ್ಪಿಗೆಯೊಂದಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ನಡೆಸಿಕೊಂಡು ಬಂದಿರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಅದು ಸೇವೆಯಲ್ಲಿರುವ ನರ್ಸುಗಳಿಗೆಂದೇ ಇರುವ ಮೂರು ವರ್ಷದ ಕೋರ್ಸು, ಜಿ.ಎನ್.ಎಂ., ಆರ್.ಎನ್.ಆರ್.ಎಂ. (ನರ್ಸ್ ಮತ್ತು ಸೂಲಗಿತ್ತಿ) ನೋಂದಣಿ ಮತ್ತು ಸೇವಾನುಭವ ಕೇಳುತ್ತಾರೆ, ಪ್ರವೇಶ ಪರೀಕ್ಷೆಯಿದೆ, ಅವರು ಗೊತ್ತುಮಾಡಿದ ಕೇಂದ್ರಕ್ಕೆ ಹೋಗಿ ಪ್ರಾಕ್ಟಿಕಲ್ ಮಾಡಲೇಬೇಕು. ದೂರಶಿಕ್ಷಣವಾದರೂ ಆಸ್ಪತ್ರೆಯಿಂದ ದೂರ ಇರಿಸುವುದಿಲ್ಲ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಗೌರವ. ಅರ್ಜಿ ಹಾಕುವ ಮುನ್ನ ಆ ಸಾಲಿನ ಪ್ರಾಸ್ಪೆಕ್ಟಸ್ಸನ್ನು ಮೊದಲಿನಿಂದ ಕೊನೆಯವರೆಗೆ ಓದು. ಅದು ಬೇಡವೆಂದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಎರಡು ವರ್ಷದ ರೆಗ್ಯುಲರ್ ಕೋರ್ಸು. ಕೆಲಸ ಬಿಡಬೇಕಾಗುತ್ತದೆ, ಬಿಡು. ನನ್ನ ಗ್ರ್ಯಾಚುಟಿ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿದೆ. ಅದು ನಿನ್ನ ಮದುವೆಗೆ ಎಂದು ನಾನು ಹೇಳುತ್ತಾ ಬಂದಿದ್ದೆ, ನೀನು ಪ್ರತಿ ಸಲವೂ ಸಿಟ್ಟಾಗುತ್ತಿದ್ದೆ. ಓದಿಗೇ ಆಗಲಿ. ನಿನ್ನ ಬಾಡಿಗೆಯನ್ನೂ ಅದರಿಂದಲೇ ಕಟ್ಟೋಣ. ಅಮ್ಮನ ದುಡ್ಡು ಮುಟ್ಟುವುದಿಲ್ಲ ಎಂಬ ಹಟವನ್ನು ಈ ಎರಡು ವರ್ಷ ಬದಿಗಿಡು. ಆ ಹಟ ನಿನಗೆ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು.

ಅಂಕಪಟ್ಟಿಗಳನ್ನು ಆಗಲೇ ಕಳುಹಿಸಿದ್ದರೆ ನನ್ನಿಂದ ಮುಚ್ಚಿಡಬೇಡ, ನಾನು ಬೈಯುವುದಿಲ್ಲ. ಕೊರಿಯರಿನ ರಸೀದಿಯನ್ನು ಜೋಪಾನವಾಗಿಟ್ಟುಕೊಂಡು, ವಾಪಸು ಕಳುಹಿಸಿ ಎಂದು ಅವನಿಗೆ ಬರೆದು ಕೇಳು. ಕೊಡದಿದ್ದರೆ ಪೊಲೀಸ್ ಠಾಣೆಗೆ ಇಬ್ಬರೂ ಹೋಗೋಣ, ನಾನು ಬೆಳಗಿನ ರೈಲಿಗೆ ಬರುತ್ತೇನೆ. ಕಳುಹಿಸಿಲ್ಲವಾದರೆ ಅವೆಲ್ಲವನ್ನೂ ಮುಂದಿನ ವೀಕ್ಲಿ ಆಫ್‌ನಲ್ಲಿ ಹಾಸನಕ್ಕೆ ತಂದು ನನ್ನ ಬೀರುವಿನಲ್ಲಿಡು. ಅವನು ಮತ್ತೆ ಫೋನ್ ಮಾಡಿದರೆ ನೀನು ಜಗಳವಾಡಬೇಡ, ಅಮ್ಮನ ಹತ್ತಿರ ಮಾತಾಡಿ ಎಂದು ನನ್ನ ನಂಬರು ಕೊಡು.

ಇಂತಿ,
ನಿನ್ನ ಅಮ್ಮ