ನಿನ್ನ ಮನೆ ಪ್ಲಾನ್ ನೋಡಿದ ಮೇಲೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಪ್ಲಾನ್ ಸಿಕ್ಕಿತು. ಉತ್ತರ ತಡವಾಯಿತು. ಬರೆಯುವ ಮೊದಲು ಒಂದು ಮನೆ ನೋಡಿ ಬರೋಣ ಅನ್ನಿಸಿತ್ತು. ಅದರ ಹೆಸರು ಕ್ರಾಂಕ್‌ಹಿಲ್. ಇಂಗ್ಲೆಂಡಿನ ಶ್ರೂಸ್‌ಬರಿ ಊರಿನ ಹತ್ತಿರ, ಸೆವರ್ನ್ ನದಿ ಬಯಲಿನ ಮೇಲೆ, ಗುಡ್ಡದ ಇಳಿಜಾರಿನಲ್ಲಿದೆ. ವರ್ಷಕ್ಕೆ ಕೆಲವೇ ದಿನ ಜನರನ್ನು ಒಳಗೆ ಬಿಡುತ್ತಾರೆ.

ಇದು ಅರಮನೆಯಲ್ಲ ಕಣೋ. ಪಕ್ಕದ ಅಟಿಂಗ್‌ಹ್ಯಾಮ್ ಎಸ್ಟೇಟಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ ವಾಲ್‌ಫರ್ಡ್ ಎಂಬುವವರಿಗಾಗಿ 1802ರ ಹೊತ್ತಿಗೆ ಜಾನ್ ನ್ಯಾಶ್ ನಕ್ಷೆ ಮಾಡಿದ ಮನೆ. ಮುಂದೆ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ರೂಪಿಸಿದ ನ್ಯಾಶ್ ಇವರೇ. ಇಂಗ್ಲೆಂಡಿನಲ್ಲಿ ಇಟಲಿಯ ಹಳ್ಳಿಮನೆಯ ಧಾಟಿಯಲ್ಲಿ ಕಟ್ಟಿದ ಮೊದಲ ಮನೆ ಇದು ಅನ್ನುತ್ತಾರೆ.

ಒಂದು ಕಡೆ ಗುಂಡನೆಯ ಗೋಪುರ, ಇನ್ನೊಂದು ಕಡೆ ಚೌಕದ ಗೋಪುರ. ನಡುವೆ ಸಾಲು ಕಮಾನುಗಳ ಜಗಲಿ. ಎಡ ಬಲ ಹೊಂದುವುದೇ ಇಲ್ಲ! ಬಾಗಿಲು ನಡುಮಧ್ಯ, ಎರಡೂ ಕಡೆ ಸಮ ಕಿಟಕಿ ಎಂಬುದೇ ದೊಡ್ಡ ಮನೆಗಳ ರೂಢಿಯಾಗಿದ್ದ ಕಾಲ ಅದು. ನ್ಯಾಶ್ ಅದನ್ನು ಬಿಟ್ಟರು. ರೋಮ್‌ನಲ್ಲಿ ನೆಲೆಸಿದ್ದ ಚಿತ್ರಕಾರ ಕ್ಲೋದ್ ಲೊರೇನ್ ಬರೆದ ಬಯಲು, ಮರ, ದೂರದ ಗೋಪುರಗಳ ಚಿತ್ರಗಳನ್ನು ಆಗಿನ ಸಿರಿವಂತರು ತುಂಬಾ ಮೆಚ್ಚುತ್ತಿದ್ದರು. ಈ ಮನೆ ಆ ಚಿತ್ರದಿಂದಲೇ ಎದ್ದು ಬಂದ ಹಾಗಿದೆ. ದೂರದಿಂದ ನೋಡಿದರೆ ಗುಡ್ಡದ ಏರಿಳಿತಕ್ಕೆ ಸರಿಯಾಗಿ ಕೂತಿದೆ. ಸಮ ಮಾಡಿದ್ದರೆ ಹೀಗೆ ಕೂರುತ್ತಿರಲಿಲ್ಲ.

ನಾನು ಹೋದಾಗ ತುಂತುರು ಮಳೆ. ಜಗಲಿಯಿಂದ ಇಳಿದು ಗೋಡೆಗೆ ಅಂಟಿಕೊಂಡು ನಿಂತು ಮೇಲೆ ನೋಡಿದೆ. ಸೂರು ಎಷ್ಟು ಮುಂದಕ್ಕೆ ಚಾಚಿದೆ ಗೊತ್ತಾ! ಬಿಳಿ ಗಾರೆ ಗೋಡೆಯ ಮೇಲ್ಭಾಗ ಒಣಗೇ ಇತ್ತು, ಕೆಳಗೆ ಮಾತ್ರ ಒದ್ದೆ. ಇಟಲಿಯಲ್ಲಿ ಬಿಸಿಲಿಗೆ ನೆರಳಾಗುವ ಸೂರು ಇಲ್ಲಿ ಮಳೆಗೆ ಕೊಡೆಯಾಗಿದೆ. ನಮ್ಮ ಅಜ್ಜಿ ಮನೆಯ ಸೂರು ನೆನಪಾಯಿತು. ಅದರಡಿ ನಿಂತು ಅಂಗೈಗೆ ನೀರು ಹಿಡಿಯುತ್ತಿದ್ದೆವಲ್ಲ?

ಆದರೆ ನ್ಯಾಶ್ ಹಾಕಿಸಿದ ಎಲ್ಲ ಮಾಡೂ ಹೀಗೆ ಮಳೆ ತಡೆಯಲಿಲ್ಲ. ಪಕ್ಕದ ಅಟಿಂಗ್‌ಹ್ಯಾಮ್ ಎಸ್ಟೇಟಿನ ಬಂಗಲೆಯಲ್ಲಿ ಅವರೇ ಚಿತ್ರಶಾಲೆಗೆ ಕಬ್ಬಿಣ ಮತ್ತು ಗಾಜಿನ ಮಾಡು ಹಾಕಿಸಿದರು. ಆ ಕಾಲಕ್ಕೆ ದೊಡ್ಡ ಸಾಹಸ. ಆದರೆ ಅದು ಸೋರಿತು. ಈಗ ಅದನ್ನು ಕಾಪಾಡಲು ಮೇಲೆ ಇನ್ನೊಂದು ಗಾಜಿನ ಮಾಡು ಹೊದಿಸಿದ್ದಾರೆ.

ಈಗ ನಿನ್ನ ಪ್ಲಾನ್. ಎರಡೂ ಕಡೆ ಸಮ ಬರಲಿ ಅಂತ ನಿಮ್ಮ ಇಂಜಿನಿಯರ್ ಅಡುಗೆಮನೆಯನ್ನು ಸುಮ್ನೆ ಚಿಕ್ಕದು ಮಾಡಿದ್ದಾರೆ. ಅಮ್ಮ ದಿನವಿಡೀ ಇರುವುದೇ ಅಲ್ಲಿ ಅಲ್ವಾ? ಅದನ್ನು ದೊಡ್ಡದು ಮಾಡು, ಆ ಕಡೆ ಗೋಡೆ ಮುಂದಕ್ಕೆ ಬಂದರೆ ಬರಲಿ. ಸೂರನ್ನು ಒಂದಡಿಗೆ ನಿಲ್ಲಿಸಿದ್ದಾರೆ, ನಿಮ್ಮೂರ ಮಳೆಗೆ ಅದು ಸಾಲದು. ಮೂರಡಿ ಕೇಳು. ಫೋಟೋ ಕಳಿಸುತ್ತಿದ್ದೇನೆ, ಅವರಿಗೂ ತೋರಿಸು.

ನಿನ್ನ ಗೆಳೆಯ